ವಿದ್ಯಾರ್ಥಿಗಳೂ ಸ್ವತಂತ್ರೋದ್ಯಮವೂ

ಹುಡುಗನು ಪದವಿಯ ಪರೀಕ್ಷೆಯಲ್ಲಿ ತೇರ್ಗಡೆಯಾದನೆಂದು ತಿಳಿದೊಡನೆ "ಯಾವ ಕಚೇರಿಯಲ್ಲಿ ಕೆಲಸ?" ಎಂದು ನೆಂಟರಿಷ್ಟರು ಕೇಳುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಕೆಲಸವೆಂದರೆ ತಿಂಗಳ ಸಂಬಳ. ಸಂಬಳವೆಂದರೆ ಮನೆ ಕಟ್ಟುವುದಕ್ಕೂ ಮದುವೆಗೂ ಆಧಾರ. ಗೃಹಸ್ಥರಾದ ವಾಚಕರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಆದರೆ ಇತ್ತೀಚಿನ ಹತ್ತು ವರ್ಷಗಳಿಂದ ಈ ಪ್ರಶ್ನೆಗೆ ಬೇರೊಂದು ಉತ್ತರವು ಕೇಳಿಬರುತ್ತಿದೆ. "ನಾನು ಕೆಲಸಕ್ಕೆ ಸೇರುವುದಿಲ್ಲ, ಸ್ನೇಹಿತರು ಸೇರಿ ಒಂದು ಕಂಪನಿ ಮಾಡುತ್ತೇವೆ" ಎಂದು ಹುಡುಗನು ಹೇಳುತ್ತಾನೆ, ಅನೇಕ ಮನೆಗಳಲ್ಲಿ ಹುಡುಗಿಯೂ ಹೇಳುತ್ತಾಳೆ. ಆ ಮಾತನ್ನು ಕೇಳಿ ತಾಯಿಯು ದೇವರ ಮನೆಯ ಕಡೆಗೂ ತಂದೆಯು ಪತ್ರಗಳಿರುವ ಪೆಟ್ಟಿಗೆಯ ಕಡೆಗೂ ನೋಡುತ್ತಾರೆ.

ಇದು ಎಲ್ಲಿಯೋ ಕೆಲವು ಹುಡುಗರಿಗೆ ಹಿಡಿದ ಹುಚ್ಚೆಂದು ತಳ್ಳಿಹಾಕುವಂತಿಲ್ಲ. ವಿಶ್ವವಿದ್ಯಾನಿಲಯಗಳ ವಿದ್ಯಾರ್ಥಿಗಳಲ್ಲಿ ಉದ್ಯಮದ ಇಚ್ಛೆಯು ಎಷ್ಟಿದೆಯೆಂಬುದನ್ನು ಅಳೆಯುವುದಕ್ಕಾಗಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಅನೇಕ ದೇಶಗಳಿಗೆ ಹಬ್ಬಿದ ಒಂದು ಪರಿಶೀಲನೆಯುಂಟು. ಅದರ ೨೦೨೩ನೆಯ ವರ್ಷದ ಭಾರತದ ಭಾಗವನ್ನು ಹಿಮಾಚಲ ಪ್ರದೇಶದ ಮಂಡಿಯಲ್ಲಿರುವ ಐ.ಐ.ಟಿ.ಯವರು ನಡೆಸಿದರು. ಓದು ಮುಗಿದೊಡನೆಯೇ ಸ್ವಂತ ಉದ್ಯಮಕ್ಕೆ ಇಳಿಯುತ್ತೇವೆಂದವರು ನೂರಕ್ಕೆ ೧೪ ಮಂದಿ. ಐದು ವರ್ಷಗಳು ಕಳೆದ ಮೇಲೆ ಇಳಿಯುತ್ತೇವೆಂದವರು ನೂರಕ್ಕೆ ೩೧ ಮಂದಿ. ಹೆಚ್ಚುಕಡಮೆ ಮೂರರಲ್ಲೊಂದು ಪಾಲಿನವರು ಆಗಲೇ ಏನಾದರೊಂದು ಉದ್ಯಮವನ್ನು ಕಟ್ಟುವ ಪ್ರಯತ್ನದಲ್ಲಿದ್ದರು. ಆದರೆ ವಸ್ತುವನ್ನು ಮಾರಿ ಹಣವನ್ನು ಕಂಡ ಹಂತಕ್ಕೆ ಬಂದವರು ನೂರಕ್ಕೆ ೫ಕ್ಕಿಂತಲೂ ಕಡಮೆ. ಈ ಕಡೆಯ ಅಂಕಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಂಡಿರಬೇಕೆಂದು ಬೇಡುತ್ತೇವೆ.

ಸರ್ಕಾರದ ಪ್ರೋತ್ಸಾಹವೂ ಬಹಳವಾಗಿದೆ. ನಮ್ಮ ರಾಜ್ಯವು ೨೦೧೫ರಲ್ಲಿಯೇ ಸ್ಟಾರ್ಟಪ್‌ಗಳಿಗೆಂದು ಒಂದು ನೀತಿಯನ್ನು ಹೊರಡಿಸಿತು. ಕೇಂದ್ರದ ಯೋಜನೆಯು ೨೦೧೬ನೆಯ ಜನವರಿ ೧೬ರಂದು ಆರಂಭವಾಯಿತು. ಈಗ ಜಿಲ್ಲಾಸ್ಥಳದ ಇಂಜಿನಿಯರಿಂಗ್ ಕಾಲೇಜುಗಳಲ್ಲಿಯೂ ಇನ್‌ಕ್ಯುಬೇಷನ್ ಸೆಂಟರ್ ಎಂಬ ಫಲಕವನ್ನು ತೂಗುಹಾಕಿದ ಕೊಠಡಿಯೊಂದನ್ನು ಕಾಣಬಹುದು. ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಯ ಹೆಸರನ್ನೇ ಅದಕ್ಕೆ ಇಟ್ಟಿರುವುದು ನಮಗೆ ಬಹಳ ಒಪ್ಪಿಗೆಯಾಗಿದೆ. ಕಾವು ಕೊಟ್ಟ ಮಾತ್ರಕ್ಕೆ ಎಲ್ಲಾ ಮೊಟ್ಟೆಗಳೂ ಮರಿಯಾಗುವುದಿಲ್ಲವೆಂಬುದು ಆ ಹೆಸರಿನಲ್ಲಿಯೇ ಅಡಗಿದೆಯಷ್ಟೆ.

ವ್ಯಾಪಾರವು ವಿದ್ಯಾವಂತರಿಗೆ ತಕ್ಕುದಲ್ಲವೆಂಬ ಭಾವನೆಯು ನಮ್ಮಲ್ಲಿ ಪುರಾತನವಾದುದೆಂದು ಅನೇಕರು ತಿಳಿದಿದ್ದಾರೆ. ನಾವು ಓದಿಕೊಂಡಿರುವ ಮಟ್ಟಿಗೆ ಅದು ಸರಿಯಲ್ಲ. ಕೌಟಿಲ್ಯನು ವಿದ್ಯೆಗಳು ನಾಲ್ಕೆಂದು ಎಣಿಸುವಾಗ ಆನ್ವೀಕ್ಷಕಿ, ತ್ರಯೀ, ದಂಡನೀತಿಗಳ ಸಾಲಿನಲ್ಲಿಯೇ ವಾರ್ತೆಯನ್ನೂ ಇಟ್ಟಿದ್ದಾನೆ. ವಾರ್ತೆಯೆಂದರೆ ಕೃಷಿ, ಪಶುಪಾಲನೆ, ವಾಣಿಜ್ಯ. ಐಹೊಳೆಯ ಐನೂರ್ವರೆಂಬ ವರ್ತಕಸಂಘದವರು ದಕ್ಷಿಣಾಪಥದಲ್ಲೆಲ್ಲಾ ವ್ಯಾಪಾರಮಾಡಿ, ಸಮುದ್ರವನ್ನು ದಾಟಿ, ಶಾಸನಗಳಲ್ಲಿ ತಮ್ಮ ಹೆಸರನ್ನು ನಿಲ್ಲಿಸಿದರು. ಚಾಲುಕ್ಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ಕುಳಿತು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು, ಹಲವರು ಕೂಡಿ ಬಂಡವಾಳ ಹಾಕಿ ನಡೆಸುವ ವ್ಯಾಪಾರಕ್ಕೆ ಸಂಬಂಧಿಸಿದ "ಸಂಭೂಯಸಮುತ್ಥಾನ"ವೆಂಬ ಪ್ರಕರಣವನ್ನು ಸಾವಧಾನವಾಗಿ ವಿವರಿಸಿದ್ದಾನೆ. ಅದರ ಪ್ರಯೋಜನವನ್ನು ಮುಂದೆ ಹೇಳುತ್ತೇವೆ.

ಹಾಗಾದರೆ ಕಚೇರಿಯ ಕುರ್ಚಿಯ ಮೋಹವು ಎಲ್ಲಿಂದ ಬಂತು? ದೊರೆತನದ ಕಾಲದಲ್ಲಿ ಇಂಗ್ಲಿಷ್ ವಿದ್ಯೆಯು ನೌಕರಿಯ ರಹದಾರಿಯಾಗಿ ಬಂದುದೇ ಮುಖ್ಯ ಕಾರಣ. ಮೈಸೂರು ಸಂಸ್ಥಾನದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ೧೯೧೨ರಿಂದ ೧೯೧೮ರವರೆಗಿನ ಅವಧಿಯಲ್ಲಿ, ೧೯೧೩ರಲ್ಲಿ ಮೈಸೂರು ಬ್ಯಾಂಕು, ೧೯೧೬ರಲ್ಲಿ ವಾಣಿಜ್ಯ ಮಂಡಲಿ, ಅದೇ ವರ್ಷ ವಿಶ್ವವಿದ್ಯಾನಿಲಯ ಇವು ಒಂದರ ಹಿಂದೊಂದರಂತೆ ಸ್ಥಾಪಿತವಾದುವು. ಬ್ಯಾಂಕನ್ನೂ ವಿದ್ಯಾಶಾಲೆಯನ್ನೂ ಒಂದೇ ಕೈಯೇ ಬಿತ್ತಿತು. ನಮ್ಮ ಹಿರಿಯರು ಮಾತ್ರ ವಿಶ್ವವಿದ್ಯಾನಿಲಯದಿಂದ ಪ್ರಮಾಣಪತ್ರವನ್ನು ತೆಗೆದುಕೊಂಡು, ಬ್ಯಾಂಕಿಗೆ ಗುಮಾಸ್ತೆಗಳಾಗಿ ಹೋದರು! ಅವರನ್ನು ದೂಷಿಸುವುದಕ್ಕಲ್ಲ, ಕ್ಷಾಮ ಡಾಮರಗಳನ್ನು ಕಂಡವರಿಗೆ ತಿಂಗಳ ಒಂದನೆಯ ತಾರೀಖು ದೇವರಂತೆ ಕಂಡರೆ ಆಶ್ಚರ್ಯವೇನು?

ಪ್ರಕೃತಕ್ಕೆ ಬರೋಣ. ಮನೆಯ ಮಗನೋ ಮಗಳೋ ಉದ್ಯಮಕ್ಕೆ ಇಳಿಯುತ್ತೇನೆಂದಾಗ ಹಿರಿಯರು ಏನು ಮಾಡತಕ್ಕದ್ದು? "ಬೇಡ" ಎಂದು ಬಾಯಿ ಮುಚ್ಚಿಸುವವರು ಕೆಲವರು. ಮಗುವಿನ ಮೇಲಣ ಅಕ್ಕರೆಯಿಂದ ಮನೆಯನ್ನೋ ನಿವೇಶನವನ್ನೋ ಅಡವಿಟ್ಟು ಹಣ ತಂದುಕೊಡುವವರು ಮತ್ತೆ ಕೆಲವರು. ಈ ಎರಡು ತೆರದವರಿಗೂ ನಾವು ಸೋಮದೇವನ ಕಥಾಸರಿತ್ಸಾಗರದ ಮೊದಲನೆಯ ಲಂಬಕದಲ್ಲಿ ಬರುವ ಇಲಿಯ ಶ್ರೇಷ್ಠಿಯ ಕಥೆಯನ್ನು ಹೇಳುತ್ತಿರುತ್ತೇವೆ.

ತಂದೆಯನ್ನು ಕಳೆದುಕೊಂಡು, ಆಸ್ತಿಯನ್ನು ದಾಯಾದಿಗಳ ಪಾಲಿಗೆ ಬಿಟ್ಟುಕೊಟ್ಟ ಬಡ ವಣಿಕ್ಪುತ್ರನೊಬ್ಬನಿದ್ದನು. ತಾಯಿಯು ಕಷ್ಟಪಟ್ಟು, ಉಪಾಧ್ಯಾಯನೊಬ್ಬನನ್ನು ಬೇಡಿಕೊಂಡು, ಮಗನಿಗೆ ಅಕ್ಷರವನ್ನೂ ಲೆಕ್ಕವನ್ನೂ ಕಲಿಸಿದಳು. ಆಮೇಲೆ, ಬಡವರಿಗೆ ಮೂಲಧನವನ್ನು ಸಾಲವಾಗಿ ಕೊಡುತ್ತಿದ್ದ ವಿಶಾಖಿಲನೆಂಬ ಶೆಟ್ಟಿಯ ಬಳಿಗೆ ಹೋಗೆಂದಳು. ಹುಡುಗನು ಹೋದಾಗ ಆ ಶೆಟ್ಟಿಯು ಮತ್ತೊಬ್ಬ ತರುಣನನ್ನು ಗದರಿಸುತ್ತಿದ್ದನು: ಅಲ್ಲಿ ಬಿದ್ದಿರುವ ಸತ್ತ ಇಲಿಯನ್ನೇ ಬಂಡವಾಳಮಾಡಿಕೊಂಡು ಸಮರ್ಥನಾದವನು ಹಣ ಗಳಿಸಬಲ್ಲನು, ನೀನಾದರೋ ಕೊಟ್ಟ ಹೊನ್ನನ್ನೇ ಉಳಿಸಿಕೊಳ್ಳಲಿಲ್ಲ, ಎಂದು. ನಮ್ಮ ಹುಡುಗನು ಆ ಇಲಿಯನ್ನು ಎತ್ತಿಕೊಂಡು, "ಇದನ್ನು ನಿಮ್ಮಿಂದ ಸಾಲವಾಗಿ ಪಡೆದಿದ್ದೇನೆ" ಎಂದು ಬರೆದುಕೊಟ್ಟು ಹೊರಟನು. ಬೆಕ್ಕು ಸಾಕಿದ್ದ ವರ್ತಕನೊಬ್ಬನು ಅದಕ್ಕೆ ಎರಡು ಬೊಗಸೆ ಕಡಲೆಯನ್ನು ಕೊಟ್ಟನು. ಕಡಲೆಯನ್ನು ಹಿಟ್ಟುಮಾಡಿಕೊಂಡು, ಒಂದು ಕೊಡ ತಣ್ಣೀರನ್ನು ಹೊತ್ತು, ಊರ ಹೊರಗಿನ ನೆರಳಿನಲ್ಲಿ ಕುಳಿತು, ಕಾಡಿನಿಂದ ಬಳಲಿ ಬರುತ್ತಿದ್ದ ಸೌದೆಯವರಿಗೆ ಕೊಟ್ಟನು. ಅವರು ಒಬ್ಬೊಬ್ಬರೂ ಎರಡೆರಡು ತುಂಡು ಕಟ್ಟಿಗೆಯನ್ನು ಕೊಟ್ಟುಹೋದರು. ಅದನ್ನು ಮಾರಿ ಮತ್ತೆ ಕಡಲೆ, ಮತ್ತೆ ಕಟ್ಟಿಗೆ. ಸ್ವಲ್ಪ ಹಣವು ಕೂಡಿದ ಮೇಲೆ ಮೂರು ದಿನಗಳ ಸೌದೆಯನ್ನೆಲ್ಲಾ ತಾನೇ ಕೊಂಡಿಟ್ಟನು. ಅಷ್ಟರಲ್ಲಿ ಜಡಿಮಳೆ ಹಿಡಿದು ಊರಿನಲ್ಲಿ ಸೌದೆಗೆ ಬರಬಂದು ಅದು ನೂರಾರು ಪಣಗಳಿಗೆ ಮಾರಿಹೋಯಿತು. ಹೀಗೆ ಅಂಗಡಿಯಿಟ್ಟು ಶ್ರೀಮಂತನಾದ ಮೇಲೆ ಚಿನ್ನದ ಇಲಿಯೊಂದನ್ನು ಮಾಡಿಸಿ ವಿಶಾಖಿಲನ ಸಾಲವನ್ನು ತೀರಿಸಿದನು.

ಈ ಕಥೆಯಲ್ಲಿ ಎಲ್ಲರೂ ಇಲಿಯನ್ನು ನೋಡುತ್ತಾರೆ. ನಮ್ಮ ಕಣ್ಣು ಹೋಗುವುದು ಸೌದೆಯವರ ಕಡೆಗೆ. ಬಿಸಿಲಿನಲ್ಲಿ ಬರುವವರಿಗೆ ಏನು ಬೇಕಾಗಿದೆಯೆಂಬುದನ್ನು ಆ ಹುಡುಗನು ಮೊದಲು ಕಂಡುಕೊಂಡನು. ಇಂದಿನ ನೂರು ಜನ ವಿದ್ಯಾರ್ಥಿಗಳ ಪೈಕಿ ಮಾರಾಟದ ಹಣವನ್ನು ಕಂಡವರು ಐವರೂ ಇಲ್ಲವೆಂದರೆ, ಮಿಕ್ಕವರಲ್ಲಿ ಬಹುಮಂದಿಗೆ ತಮ್ಮ ಸೌದೆಯವರು ಯಾರೆಂಬುದು ಇನ್ನೂ ತಿಳಿದಿಲ್ಲವೆಂದೇ ನಾವು ಅರ್ಥಮಾಡುತ್ತೇವೆ. ಬಂಡವಾಳ ಕೊಡುವವರನ್ನು ಹುಡುಕುವುದರಲ್ಲಿಯೇ ಅವರ ದಿನಗಳು ಸಂದುಹೋಗುತ್ತವೆ.

ನಮ್ಮ ತರುಣರು ಪಟವಿಟ್ಟು ಪೂಜಿಸುವ ದೊಡ್ಡ ಉದ್ಯಮಿಗಳ ಚರಿತ್ರೆಯನ್ನಾದರೂ ಸರಿಯಾಗಿ ಓದಬೇಕು. ಶಿಡ್ಲಘಟ್ಟದಲ್ಲಿ ಹುಟ್ಟಿ ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿದ ಎನ್.ಆರ್. ನಾರಾಯಣಮೂರ್ತಿಯವರು ಏಳು ಮಂದಿಯಲ್ಲೊಬ್ಬರಾಗಿ ೧೯೮೧ರಲ್ಲಿ ಪುಣೆಯಲ್ಲಿ ಇನ್ಫೋಸಿಸ್ ಕಂಪನಿಯನ್ನು ಸ್ಥಾಪಿಸಿದರು. ಪತ್ನಿ ಸುಧಾ ಮೂರ್ತಿಯವರು ತಮ್ಮ ಉಳಿತಾಯದಿಂದ ೧೦,೦೦೦ ರೂಪಾಯಿ ಕೊಟ್ಟರೆಂಬುದನ್ನು ಮಕ್ಕಳೂ ಬಲ್ಲರು. ಆದರೆ ಅದಕ್ಕೆ ಮುಂಚೆ ಅವರು ಸಾಫ್ಟ್ರಾನಿಕ್ಸ್ ಎಂಬ ಕಂಪನಿಯನ್ನು ಮಾಡಿ, ಅದು ಒಂದೂವರೆ ವರ್ಷದಲ್ಲಿ ನಿಂತುಹೋಗಿ, ಮತ್ತೊಬ್ಬರಲ್ಲಿ ನೌಕರಿಗೆ ಸೇರಿದ್ದರೆಂಬುದನ್ನು ಹೇಳುವವರು ಕಡಮೆ. ಇನ್ಫೋಸಿಸ್ ಆರಂಭವಾದಾಗ ಅವರಿಗೆ ೩೪ ವರ್ಷ ದಾಟಿತ್ತು. ಫ್ಲಿಪ್‌ಕಾರ್ಟ್ ಎಂಬ ವ್ಯಾಪಾರಸಂಸ್ಥೆಯನ್ನು ೨೦೦೭ರಲ್ಲಿ ಬೆಂಗಳೂರಿನಲ್ಲಿ ಪುಸ್ತಕಗಳ ಮಾರಾಟದಿಂದ ತೊಡಗಿದ ಇಬ್ಬರು ತರುಣರೂ ಅದೇ ಬಗೆಯ ವ್ಯಾಪಾರದಲ್ಲಿ ಹೆಸರಾದ ಅಮೆಜಾನ್ ಕಂಪನಿಯಲ್ಲಿ ದುಡಿದು ಬಂದವರು. ೨೦೧೮ರಲ್ಲಿ ಅಮೆರಿಕದ ವಾಲ್‌ಮಾರ್ಟ್ ಕಂಪನಿಯವರು ಆ ಸಂಸ್ಥೆಯ ನೂರಕ್ಕೆ ೭೭ ಪಾಲನ್ನು ಸುಮಾರು ೧,೬೦೦ ಕೋಟಿ ಡಾಲರಿಗೆ ಕೊಂಡುದು ಪತ್ರಿಕೆಗಳಲ್ಲಿ ದೊಡ್ಡ ಅಕ್ಷರಗಳಲ್ಲಿ ಬಂತು. ಮೊದಲಿನ ನೌಕರಿಯ ಮಾತು ಯಾವ ಮೂಲೆಯಲ್ಲಿ ಬಂತೋ!

ಉಡುಪಿಯ ಡಾಕ್ಟರ್ ಟಿ.ಎಂ.ಎ. ಪೈಗಳು ವೈದ್ಯರು. ನೇಕಾರರ ಸಂಕಟವನ್ನು ನೋಡಿ ೧೯೨೫ರಲ್ಲಿ ಇನ್ನಿಬ್ಬರೊಡನೆ ಕೂಡಿ ೮,೦೦೦ ರೂಪಾಯಿ ಮೂಲಧನದಿಂದ ಅವರು ಆರಂಭಿಸಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕಾಗಿ ಬೆಳೆಯಿತು; ೨೦೨೦ರಲ್ಲಿ ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ೧೯೨೮ರಿಂದ ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯಂತೆ ಕೂಡಿಸಿದ ಪಿಗ್ಮಿ ಠೇವಣಿಯನ್ನು ನಮ್ಮ ತಾಯಂದಿರು ಚೆನ್ನಾಗಿ ಬಲ್ಲರು. ಎರಡಾಣೆಯನ್ನು ಬ್ಯಾಂಕಿಗೆ ಹೊತ್ತುಕೊಂಡು ಹೋಗಲು ನಾಚುವವರ ಬಾಗಿಲಿಗೆ ಬ್ಯಾಂಕೇ ಬಂದಿತು. ಇದೂ ಸೌದೆಯವರಿಗೆ ನೀರು ಕೊಟ್ಟ ತೆರದ ಬುದ್ಧಿಯೇ.

ಹೆಣ್ಣುಮಕ್ಕಳ ವಿಷಯದಲ್ಲಿ ಕಿರಣ್ ಮಜುಂದಾರ್ ಶಾ ಅವರ ಉದಾಹರಣೆಯನ್ನು ತಾಯಂದಿರು ಗಮನಿಸಬೇಕು. ಬೆಂಗಳೂರು ವಿಶ್ವವಿದ್ಯಾನಿಲಯದಲ್ಲಿ ಪ್ರಾಣಿಶಾಸ್ತ್ರವನ್ನು ಓದಿ, ಆಸ್ಟ್ರೇಲಿಯಕ್ಕೆ ಹೋಗಿ ಬಿಯರ್ ತಯಾರಿಸುವ ಶಾಸ್ತ್ರದಲ್ಲಿ ೧೯೭೫ರಲ್ಲಿ ಪಾಸಾಗಿ ಬಂದರು. ಹೆಂಗಸೆಂಬ ಕಾರಣಕ್ಕೆ ಇಲ್ಲಿ ಯಾರೂ ಆ ಕೆಲಸವನ್ನು ಕೊಡಲಿಲ್ಲ. ೧೯೭೮ರಲ್ಲಿ ೧೦,೦೦೦ ರೂಪಾಯಿ ಇಟ್ಟುಕೊಂಡು, ಬಾಡಿಗೆ ಮನೆಯ ಕಾರ್ ಷೆಡ್ಡಿನಲ್ಲಿ, ಐರ್ಲೆಂಡಿನ ಕಂಪನಿಯೊಂದರ ಸಹಭಾಗಿತ್ವದಿಂದ ಬಯೋಕಾನ್ ಸಂಸ್ಥೆಯನ್ನು ತೆರೆದರು. ಸಾಲಕ್ಕೆ ಹೋದರೆ ಬ್ಯಾಂಕುಗಳು ಹಿಂಜರಿದುವು. ಮೊದಲು ಅಲ್ಲಿ ತಯಾರಾದುದು ಪರಂಗಿಕಾಯಿಯ ಹಾಲಿನಿಂದ ತೆಗೆಯುವ ಪಪೇಯ್ನ್ ಎಂಬ ಕಿಣ್ವ. ಬಿಯರನ್ನು ತಿಳಿಮಾಡಲು ಅದು ಬೇಕಾಗುತ್ತದೆ. ಆ ಪಾನೀಯವನ್ನು ನಾವು ಶ್ಲಾಘಿಸುವವರಲ್ಲ. ಆದರೆ ಅದನ್ನು ಮಾಡುವವರಿಗೆ ಏನು ಬೇಕೆಂಬುದನ್ನು ಆಕೆ ಆ ಶಾಸ್ತ್ರದ ಒಳಗಿನಿಂದಲೇ ಬಲ್ಲವರಾಗಿದ್ದರೆಂಬುದನ್ನು ಶ್ಲಾಘಿಸದೆ ಇರಲಾರೆವು.

ಆದಕಾರಣ, ಓದು ಮುಗಿದೊಡನೆಯೇ ಎಂದ ೧೪ ಮಂದಿಗಿಂತ ಐದು ವರ್ಷ ಕಳೆಯಲಿ ಎಂದ ೩೧ ಮಂದಿಯಲ್ಲಿ ನಮಗೆ ಹೆಚ್ಚು ವಿವೇಕವು ಕಾಣುತ್ತದೆ. ಒಬ್ಬರ ಕೈಕೆಳಗೆ ನಾಲ್ಕು ವರ್ಷ ದುಡಿದವನಿಗೆ ಗಿರಾಕಿಯ ಮುಖವೂ ಸರಕಿನ ದೋಷವೂ ವಸೂಲಿಯ ಕಷ್ಟವೂ ಪರರ ಖರ್ಚಿನಲ್ಲಿ ತಿಳಿಯುತ್ತವೆ. ಹಾಗೆಂದು ಇದನ್ನು ಎಲ್ಲರಿಗೂ ವಿಧಿಯಾಗಿ ಹೇಳುವಂತಿಲ್ಲ. ನೌಕರಿಯೇ ಸಿಕ್ಕದವರೂ ಕಾಯಲಾರದವರೂ ಇರುತ್ತಾರೆ.

ಎರಡು ವರ್ಷಗಳ ಹಿಂದೆ ನಮ್ಮ ಹಳೆಯ ಶಿಷ್ಯನೊಬ್ಬನು, ತೆಂಗಿನ ತೋಟದ ಗೃಹಸ್ಥ, ಮನೆಗೆ ಬಂದು ಕುಳಿತನು. "ಮೇಷ್ಟ್ರೇ, ನೀವೇ ಬುದ್ಧಿ ಹೇಳಬೇಕು. ಹುಡುಗನ ಇಂಜಿನಿಯರಿಂಗ್ ಮುಗೀತು. ಕೆಲಸಕ್ಕೆ ಹೋಗೋದಿಲ್ಲವಂತೆ. ಪಟ್ಟಣದ ಸೈಟಿನ ಮೇಲೆ ಹನ್ನೆರಡು ಲಕ್ಷ ತೆಗೆದುಕೊಡು ಅಂತಾನೆ" ಎಂದನು. ಹುಡುಗನೂ ಇಬ್ಬರು ಸಹಪಾಠಿಗಳೂ ಪಂಪ್‌ಸೆಟ್ಟಿನ ಸ್ಟಾರ್ಟರಿಗೆ ಜೋಡಿಸುವ ಒಂದು ಉಪಕರಣವನ್ನು ಮಾಡಿದ್ದರು. ಮೂರು ಫೇಸಿನ ಕರೆಂಟು ಹೊತ್ತಲ್ಲದ ಹೊತ್ತಿನಲ್ಲಿ ಬರುವುದು ನಮ್ಮ ಹಳ್ಳಿಗಳ ಕಥೆಯಷ್ಟೆ. ಈ ಉಪಕರಣವಿದ್ದರೆ ರೈತನು ರಾತ್ರಿಯಲ್ಲಿ ಹಾವುಹುಳುಗಳ ನಡುವೆ ತೋಟಕ್ಕೆ ಹೋಗದೆ, ಮಲಗಿದ ಕಡೆಯಿಂದಲೇ ಮೊಬೈಲು ಒತ್ತಿ ನೀರು ಹಾಯಿಸಬಹುದು. ಕಾಲೇಜಿನಲ್ಲಿ ಅದಕ್ಕೆ ಬಹುಮಾನವೂ ಬಂದಿತ್ತು.

"ಎಷ್ಟು ಮಾರಿದ್ದೀರಪ್ಪ?" ಎಂದು ಹುಡುಗನನ್ನು ಕರೆಸಿ ಕೇಳಿದೆವು. "ಇನ್ನೂ ಮಾರಿಲ್ಲ ಸಾರ್. ಮೊದಲು ಫಂಡ್ ಬರಬೇಕು" ಎಂದನು. ಸೈಟನ್ನು ಮುಟ್ಟುವುದು ಬೇಡ, ಹತ್ತು ಉಪಕರಣಗಳಿಗಾಗುವಷ್ಟು ಹಣವನ್ನು ಮಾತ್ರ ಕೊಡು, ಎಂದು ತಂದೆಗೆ ಹೇಳಿದೆವು. ಹುಡುಗನಿಗೆ ಅಂದು ನಮ್ಮ ಮೇಲೆ ಮುನಿಸು ಬಂದುದು ಮುಖದಲ್ಲಿಯೇ ಕಂಡಿತು. ನಾಲ್ಕು ತಿಂಗಳಲ್ಲಿ ಮಾರಿದುದು ಮೂರು. ಅಂತಹ ಉಪಕರಣವು ಆಗಲೇ ಪೇಟೆಯಲ್ಲಿ ಎರಡು ಮೂರು ಬಗೆಯದು ದೊರೆಯುತ್ತಿತ್ತು. ಮಾರಿದ ಮೂರರಲ್ಲಿ ಒಂದರ ತಂತಿಯನ್ನು ಇಲಿ ಕಡಿಯಿತು. ಕಥೆಯ ಇಲಿಯಾದರೂ ಸತ್ತದ್ದಾಗಿತ್ತು, ಇದು ಬದುಕಿದ್ದು! ಇನ್ನೊಂದು ವೋಲ್ಟೇಜಿನ ಏರಿಳಿತಕ್ಕೆ ಸುಟ್ಟಿತು. ಹುಡುಗರು ಹೋಗಿ ಸರಿಮಾಡಿ ಬರುವಾಗ ಅಕ್ಕಪಕ್ಕದ ತೋಟದವರು, "ನಮ್ಮ ಸ್ಟಾರ್ಟರೂ ಕೆಟ್ಟಿದೆ, ಪೇಟೆಯಿಂದ ಕರೆದರೆ ವಾರವಾದರೂ ಬರೋರಿಲ್ಲ, ಸ್ವಲ್ಪ ನೋಡಿ" ಎಂದು ನಿಲ್ಲಿಸಿಕೊಳ್ಳತೊಡಗಿದರು. ಆ ಮಾತಿನಲ್ಲಿ ಹುಡುಗರಿಗೆ ವ್ಯಾಪಾರವು ಸಿಕ್ಕಿತು. ಈಗ ವರ್ಷಕ್ಕೆ ಇಷ್ಟೆಂದು ಮುಂಗಡ ಕಟ್ಟಿಸಿಕೊಂಡು, ಯಾರ ಕಂಪನಿಯ ಸ್ಟಾರ್ಟರಾದರೂ ಸರಿ, ಕರೆದ ಮರುದಿನದೊಳಗೆ ಹೋಗಿ ದುರಸ್ತಿಮಾಡಿ ಬರುತ್ತಾರೆ. ಹನ್ನೆರಡು ಲಕ್ಷವೂ ಮೊದಲೇ ಕೈಗೆ ಬಂದಿದ್ದರೆ ಯಾರಿಗೂ ಬೇಡವಾದ ಐನೂರು ಉಪಕರಣಗಳು ಆ ಮನೆಯ ಅಟ್ಟದಲ್ಲಿ ಇರುತ್ತಿದ್ದುವೆಂದು ಹುಡುಗನೇ ಹೇಳುತ್ತಾನೆ.

ಗೃಹಸ್ಥರು ಕಾನೂನಿನ ಒಂದೆರಡು ಅಂಶಗಳನ್ನು ತಿಳಿದಿರುವುದು ಅವಶ್ಯ. ಬರಿಯ ಪಾಲುದಾರಿಕೆಯಲ್ಲಿ, ೧೯೩೨ರ ಕಾಯಿದೆಯ ಪ್ರಕಾರ, ಸಂಸ್ಥೆಯ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರನೂ ತನ್ನ ಸ್ವಂತ ಆಸ್ತಿಯಿಂದಲೂ ಹೊಣೆ. ಸ್ನೇಹಿತನು ಮಾಡಿದ ಸಾಲವು ನಮ್ಮ ಮಗನ ಬಾಗಿಲಿಗೆ ಬರಬಹುದು. ಖಾಸಗಿ ಲಿಮಿಟೆಡ್ ಕಂಪನಿಯನ್ನೋ, ೨೦೦೮ರ ಕಾಯಿದೆಯಂತೆ ಸೀಮಿತ ಹೊಣೆಯ ಪಾಲುದಾರಿಕೆಯನ್ನೋ ಮಾಡಿಕೊಂಡರೆ ಹೊಣೆಯು ಸಾಮಾನ್ಯವಾಗಿ ಹಾಕಿದ ಬಂಡವಾಳಕ್ಕೆ ನಿಲ್ಲುತ್ತದೆ. ಆದರೆ ಬ್ಯಾಂಕಿನಲ್ಲಿ ತಂದೆಯು ಜಾಮೀನು ಪತ್ರಕ್ಕೆ ರುಜು ಹಾಕಿದನೋ, ಆ ಗೋಡೆಯು ಅವನ ಪಾಲಿಗೆ ಬಿದ್ದುಹೋಯಿತು. ೧೮೭೨ರ ಕರಾರು ಕಾಯಿದೆಯಲ್ಲಿ ಜಾಮೀನುದಾರನ ಹೊಣೆಯು ಸಾಲಗಾರನ ಹೊಣೆಯಷ್ಟೇ. ಸಣ್ಣ ಮೊತ್ತಕ್ಕೆ ಆಸ್ತಿಯನ್ನು ಅಡವು ಕೇಳದ ಮುದ್ರಾ ಸಾಲವು ೨೦೧೫ರಿಂದ ಇದೆ. ೫೦,೦೦೦ ರೂಪಾಯಿವರೆಗಿನದಕ್ಕೆ ಶಿಶು, ೫ ಲಕ್ಷದವರೆಗೆ ಕಿಶೋರ, ೧೦ ಲಕ್ಷದವರೆಗೆ ತರುಣ ಎಂದು ಹೆಸರು. ಸಂಸ್ಕೃತದ ಮೇಷ್ಟರಿಗೆ ಈ ಹೆಸರುಗಳು ಹಿತವಾಗಿರುವುದೇನೋ ನಿಜ. ಶಿಶುವಿನಿಂದ ಆರಂಭಿಸಬೇಕೆಂಬ ಕ್ರಮವು ಅದಕ್ಕಿಂತಲೂ ಹಿತವಾಗಿದೆ.

ಇನ್ನು ಸ್ನೇಹಿತರ ಒಪ್ಪಂದ. ಮೂವರು ಸಹಪಾಠಿಗಳು ಹಾಸ್ಟೆಲಿನಲ್ಲಿ ಕಾಫಿ ಕುಡಿಯುತ್ತಾ "ಮೂವರಿಗೂ ಸಮಪಾಲು" ಎಂದುಕೊಳ್ಳುತ್ತಾರೆ. ಆರು ತಿಂಗಳಲ್ಲಿ ಒಬ್ಬನಿಗೆ ಹೈದರಾಬಾದಿನಲ್ಲಿ ನೌಕರಿ ಸಿಕ್ಕಿ ಹೊರಟುಹೋಗುತ್ತಾನೆ. ಪಾಲನ್ನು ಮಾತ್ರ ಬಿಡುವುದಿಲ್ಲ. ಉಳಿದಿಬ್ಬರು ದುಡಿದದ್ದರಲ್ಲಿ ಮೂರರಲ್ಲೊಂದು ಅವನದು! ಎಷ್ಟೋ ಗೆಳೆತನಗಳು ಹೀಗೆ ಕೆಟ್ಟಿವೆ. ಮೇಲೆ ಹೇಳಿದ ಸಂಭೂಯಸಮುತ್ಥಾನದಲ್ಲಿ ಇದಕ್ಕೆ ವಿಧಿಯಿದೆ. ಲಾಭನಷ್ಟಗಳು ಹಾಕಿದ ದ್ರವ್ಯಕ್ಕೆ ಅನುಸಾರವಾಗಿ, ಅಥವಾ ಮೊದಲೇ ಮಾಡಿಕೊಂಡ ಒಪ್ಪಂದದಂತೆ. ವಂಚಕನಾದ ಪಾಲುದಾರನನ್ನು ಲಾಭ ಕೊಡದೆ ಹೊರಗಿಡಬಹುದು. ಕೆಲಸಮಾಡಲಾರದವನು ತನ್ನ ಬದಲಿಗೆ ಮತ್ತೊಬ್ಬರಿಂದ ಮಾಡಿಸಬೇಕು. ಒಂಬೈನೂರು ವರ್ಷಗಳ ಹಿಂದೆ ಕಲ್ಯಾಣದಲ್ಲಿ ವ್ಯಾಖ್ಯಾನಮಾಡಿದ ಈ ನಿಯಮವನ್ನು ಇಂದಿನ ವಕೀಲರು ಬೇರೆ ಮಾತಿನಲ್ಲಿ ಬರೆದುಕೊಡುತ್ತಾರೆ: ಪಾಲು ಒಂದೇ ದಿನದಲ್ಲಿ ಕೈಗೆ ಬರುವುದಿಲ್ಲ, ನಾಲ್ಕು ವರ್ಷ ದುಡಿದಂತೆ ವರ್ಷವರ್ಷಕ್ಕೆ ಸಲ್ಲುತ್ತದೆ ಎಂದು. ಕಾಫಿ ಮುಗಿಯುವ ಮುಂಚೆ ಇದನ್ನು ಕಾಗದದ ಮೇಲೆ ಬರೆದಿಡತಕ್ಕದ್ದು.

ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತದ ತರುಣರಿಗೂ ದಾರಿಯಿದೆ. ಧರ್ಮಸ್ಥಳದ ಸಮೀಪದ ಉಜಿರೆಯಲ್ಲಿ ೧೯೮೨ರಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯು ಸ್ವಉದ್ಯೋಗಕ್ಕೆ ಉಚಿತ ತರಬೇತಿ ಕೊಡುತ್ತದೆ. ಅದರ ಮಾದರಿಯ ಸಂಸ್ಥೆಗಳು ಈಗ ದೇಶದ ಜಿಲ್ಲೆಜಿಲ್ಲೆಗಳಿಗೆ ಹಬ್ಬಿವೆ. ಪದವೀಧರರೂ ಅಲ್ಲಿ ಹೋಗಿ ಕುಳಿತರೆ ಮಾನಕ್ಕೆ ಕುಂದಿಲ್ಲ.

ಮನೆಯವರು ಕೊಡಬಹುದಾದ ಬಂಡವಾಳಗಳಲ್ಲಿ ನಾವು ದೊಡ್ಡದೆಂದು ಎಣಿಸುವುದು ಗಡುವನ್ನು. ಎರಡು ವರ್ಷ ಊಟವುಂಟು, ವಸತಿಯುಂಟು, ಅಣಕದ ಮಾತಿಲ್ಲ. ಪ್ರತಿಯಾಗಿ ತಿಂಗಳಿಗೊಮ್ಮೆ ಜಮಾಖರ್ಚಿನ ಪುಸ್ತಕವನ್ನು ತಂದೆತಾಯಿಗಳ ಮುಂದೆ ಇಡಬೇಕು. ವಿದ್ಯಾಭ್ಯಾಸದ ಸಾಲವಿದ್ದರೆ ಓದು ಮುಗಿದ ಒಂದು ವರ್ಷದ ಮೇಲೆ ಕಂತು ಆರಂಭವಾಗುವುದು ಸಾಮಾನ್ಯ. ಆ ಕಂತನ್ನು ಖರ್ಚಿನ ಮೊದಲನೆಯ ಸಾಲಿನಲ್ಲಿ ಬರೆಯಬೇಕು. ಎರಡು ವರ್ಷ ಹೋದರೆ ಜೀವನವೇ ಹೋಯಿತೆಂದು ಹೆದರಬೇಕಾಗಿಲ್ಲ. ಕೇಂದ್ರ ಲೋಕಸೇವಾ ಆಯೋಗದ ಸಿವಿಲ್ ಸರ್ವೀಸ್ ಪರೀಕ್ಷೆಗೆ ಸಾಮಾನ್ಯ ವರ್ಗದವರಿಗೂ ೩೨ ವರ್ಷದವರೆಗೆ ಅವಕಾಶವಿದೆ; ಇಪ್ಪತ್ತೆರಡರಲ್ಲಿ ಪದವಿ ಪಡೆದವನು ಇಪ್ಪತ್ತನಾಲ್ಕರಲ್ಲಿ ಹಿಂತಿರುಗಿದರೆ ಯಾವ ಬಾಗಿಲೂ ಮುಚ್ಚಿರುವುದಿಲ್ಲ. ಪಂಪ್‌ಸೆಟ್ಟಿನ ಹುಡುಗನ ಮನೆಯಲ್ಲಿ ಹಾಕಿಕೊಂಡ ಗಡುವು ಬರುವ ಯುಗಾದಿಗೆ ತೀರುತ್ತದೆ. ಮುಂಗಡ ಕಟ್ಟಿದ ತೋಟಗಳು ಕಳೆದ ತಿಂಗಳಿಗೆ ೧೪೦ ಆಗಿದ್ದುವು. ಮೂವರ ಹೊಟ್ಟೆಗೆ ಅದು ಇನ್ನೂ ಸಾಲದು; ಇನ್ನೂರಾದರೆ ಸಾಕೆಂದು ಅವರ ಲೆಕ್ಕ.